ತಪ್ಪು ಟೀವಿದಾ, ನೆಟ್‌ದಾ, ಆ್ಯಪ್‌ದಾ ಅಂತ ಹೇಳೋರು ಯಾರು?

ಸಂಪಾದಕರಿಗೆ ನಮಸ್ಕಾರ,

ನಾನು ಸಾಗರದಲ್ಲಿ ಟೀವಿ ರಿಪೇರಿ ಅಂಗಡಿ ಇಟ್ಟಿದೀನಿ. ಮೊದಲೆಲ್ಲ ಪಿಕ್ಚರ್ ಟ್ಯೂಬ್ ಹೋಗಿದೆ, ಸಿಡಿಲಿಗೆ ಬೋರ್ಡ್ ಸುಟ್ಟಿದೆ ಅಂತ ಬರ್ತಿದ್ರು, ಈಗ ಬರೋರಲ್ಲಿ ಸುಮಾರು ಜನ ಟೀವಿ ಚೆನ್ನಾಗೇ ಇದೆ, ಆ್ಯಪ್‌ನಲ್ಲಿ ಸಿನಿಮಾ ಮಾತ್ರ ಓಡ್ತಿಲ್ಲ ಅಂತಾರೆ. ಪರದೆ ಮೇಲೆ ಏನೋ ಒಂದು ನಂಬರು, ಅದರ ಕೆಳಗೆ ಸ್ವಲ್ಪ ಹೊತ್ತು ಬಿಟ್ಟು ನೋಡಿ ಅಂತ ಇಂಗ್ಲಿಷಲ್ಲಿ ಒಂದು ಸಾಲು, ಅಷ್ಟೇ. ನೆಟ್ ಕೊಟ್ಟೋರಿಗೆ ಫೋನ್ ಮಾಡಿದ್ರೆ ನಮ್ಮ ಲೈನ್ ಸರಿ ಇದೆ ಟೀವಿ ತೋರಿಸಿ ಅಂತಾರೆ, ಟೀವಿ ಕಂಪನಿಯೋರು ಆ್ಯಪ್‌ನೋರನ್ನ ಕೇಳಿ ಅಂತಾರೆ, ಆ್ಯಪ್‌ನೋರ ಚಾಟ್‌ಗೆ ಹೋದ್ರೆ ನಿಮ್ಮ ನೆಟ್ ಚೆಕ್ ಮಾಡ್ಕೊಳ್ಳಿ ಅಂತ ಉತ್ತರ ಬರತ್ತೆ. ಮೂರು ಕಡೆ ಅಲೆದು ಸುಸ್ತಾದ ಮೇಲೆ ಯಾರೋ ಹಳೇದಾಯ್ತು ಹೊಸ ಟೀವಿ ತಗೊಳ್ಳಿ ಅಂತಾರೆ, ಜನ ಸಾಲ ಮಾಡಿ ತಗೊಂಡೂ ಬಿಡ್ತಾರೆ. ಇದನ್ನ ನೋಡಿ ನೋಡಿ ಹೊಟ್ಟೆ ಉರಿದು ಈ ಪತ್ರ ಬರೀತಿದೀನಿ.

ಮಳೆಗಾಲದಲ್ಲಿ ಅಡಿಕೆ ತೋಟದೋರೊಬ್ಬರು ಕಂಬಳಿ ಸುತ್ತಿ ಆಟೋದಲ್ಲಿ ಟೀವಿ ತಂದ್ರು. ಯಾವ ಆ್ಯಪ್ ಒತ್ತಿದ್ರೂ ಕನೆಕ್ಟ್ ಆಗ್ತಿಲ್ಲ, ಮನೆಯ ಫೋನ್‌ಗಳಲ್ಲಿ ಅದೇ ವೈಫೈ ಚೆನ್ನಾಗಿ ಓಡ್ತಿದೆ. ಸೆಟ್ಟಿಂಗ್ಸ್ ತೆಗೆದು ನೋಡಿದ್ರೆ ಟೀವಿಯ ತಾರೀಕು ಎಷ್ಟೋ ವರ್ಷ ಹಿಂದಿನ ಜನವರಿ 1ಕ್ಕೆ ಹೋಗಿ ನಿಂತಿತ್ತು. ನಮ್ಮ ಕಡೆ ಮಳೆಗೆ ದಿನಗಟ್ಟಲೆ ಕರೆಂಟ್ ಹೋಗತ್ತೆ, ಕೆಲವು ಟೀವಿಗಳಲ್ಲಿ ಆಗ ಗಡಿಯಾರ ಮೊದಲಿಗೆ ಹೋಗಿಬಿಡತ್ತೆ. ಆ್ಯಪ್ ತನ್ನ ಸರ್ವರ್, ಅಂದ್ರೆ ಸಿನಿಮಾ ಕಳಿಸೋ ಕಂಪನಿಯ ಕಂಪ್ಯೂಟರ್ ಜೊತೆ ಮಾತಾಡೋ ಮುಂಚೆ ಅದು ಅಸಲಿ ಅಂತ ಹೇಳೋ ಒಂದು ಸರ್ಟಿಫಿಕೇಟ್ ಪರೀಕ್ಷೆ ಮಾಡತ್ತೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರತ್ತೆ, ಟೀವಿ ತಾರೀಕು ಆ ಅವಧಿಯ ಹೊರಗಿದ್ರೆ ಸರ್ವರ್ ಮೇಲೆ ನಂಬಿಕೆ ಇಲ್ಲ ಅಂತ ಬಾಗಿಲು ಹಾಕ್ಕೊಳತ್ತೆ. ತಾರೀಕು ಸರಿ ಮಾಡಿ ಆಟೋಮ್ಯಾಟಿಕ್‌ಗೆ ಹಾಕಿ ಕೊಟ್ಟೆ, ಮುಗೀತು. ನಿಮ್ಮ ಟೀವಿಯ ತಾರೀಕು ತಪ್ಪಿದೆ ಅಂತ ಕನ್ನಡದಲ್ಲಿ ಒಂದು ಸಾಲು ಬಂದಿದ್ರೆ ಅವರು ಮನೇಲೇ ಸರಿ ಮಾಡ್ಕೋತಿದ್ರು, ಆಟೋ ಬಾಡಿಗೆ ಉಳೀತಿತ್ತು.

ಇದೇ ಸರ್ಟಿಫಿಕೇಟ್ ವಿಷಯ ಉಲ್ಟಾನೂ ಆಗತ್ತೆ, ಅಂದ್ರೆ ತಪ್ಪು ಕಂಪನಿ ಕಡೆಯಿಂದಾನೇ. ಟೀವಿಗೆ ಸಿಕ್ಕಿಸಿ ಆ್ಯಪ್‌ಗಳ ವೀಡಿಯೊ ನೋಡೋಕೆ ಗೂಗಲ್ ಮಾಡಿದ ಕ್ರೋಮ್‌ಕಾಸ್ಟ್ ಅನ್ನೋ ಸಾಧನ ಇದೆಯಲ್ಲ, 2015ರಲ್ಲಿ ಬಂದ ಅದರ ಎರಡನೇ ತಲೆಮಾರಿನವು 2025ರ ಮಾರ್ಚ್ 9ರಂದು ಜಗತ್ತಿನಾದ್ಯಂತ ಕೆಲಸ ನಿಲ್ಲಿಸಿದ್ವು, ಯಾಕಂದ್ರೆ ಅದರೊಳಗಿನ ಸರ್ಟಿಫಿಕೇಟ್ ಅವಧಿ ಮುಗಿದಿತ್ತು. ಫ್ಯಾಕ್ಟರಿ ರೀಸೆಟ್, ಅಂದ್ರೆ ಎಲ್ಲ ಅಳಿಸಿ ಹೊಸದರ ಹಾಗೆ ಮಾಡೋದು, ಮಾಡ್ಬೇಡಿ ಅಂತ ಗೂಗಲ್ ಆಮೇಲೆ ಹೇಳಿತು, ಅಷ್ಟರಲ್ಲಿ ಎಷ್ಟೋ ಜನ ರೀಸೆಟ್ ಮಾಡಿ ಇನ್ನೂ ಕಷ್ಟಕ್ಕೆ ಸಿಕ್ಕಿಹಾಕ್ಕೊಂಡಿದ್ರು. ಕೆಲವು ದಿನ ಬಿಟ್ಟು ಅಪ್‌ಡೇಟ್ ಬಂತು. ಅದಕ್ಕೇ ನಾನು ಎಲ್ಲರಿಗೂ ಹೇಳೋದು, ರೀಸೆಟ್ ಅನ್ನೋದು ಕೊನೇ ಔಷಧಿ, ಮೊದಲನೇದಲ್ಲ.

ಮೊದಲು ಮಾಡ್ಬೇಕಾದ್ದು ತಪ್ಪು ಯಾವ ಕಡೆ ಇದೆ ಅಂತ ಬೇರೆ ಮಾಡ್ಕೊಳ್ಳೋದು. ಅದೇ ಸಿನಿಮಾನ ಫೋನಲ್ಲಿ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಹಾಕಿ, ಅಲ್ಲೂ ಓಡ್ಲಿಲ್ಲ ಅಂದ್ರೆ ನಿಮ್ಮ ಟೀವಿ, ರೂಟರ್ ಎರಡನ್ನೂ ಬೈಬೇಡಿ, ತೊಂದರೆ ಬಹುಶಃ ಆ್ಯಪ್‌ನೋರ ಕಡೇದೇ, ಇಲ್ಲಾಂದ್ರೆ ನಿಮ್ಮ ಅಕೌಂಟ್‌ದು. ಫೋನಲ್ಲಿ ಓಡಿದ್ರೆ ಟೀವಿಯಲ್ಲಿ ಯೂಟ್ಯೂಬ್ ಹಾಕಿ ನೋಡಿ, ಅದು ಓಡಿ ಇದೊಂದು ಓಡದಿದ್ರೆ ಆ ಆ್ಯಪ್ ಕೂಡಿಟ್ಟಿರೋ ತಾತ್ಕಾಲಿಕ ಫೈಲುಗಳನ್ನ (ಕ್ಯಾಶ್) ಸೆಟ್ಟಿಂಗ್ಸ್‌ನಲ್ಲಿ ಕ್ಲಿಯರ್ ಮಾಡಿ, ಅಪ್‌ಡೇಟ್ ಇದ್ರೆ ಹಾಕಿ, ಎಷ್ಟೋ ಟೀವಿಗಳಲ್ಲಿ ಸ್ಟೋರೇಜ್ 8 ಜಿಬಿ ಮಾತ್ರ ಇರೋದ್ರಿಂದ ಜಾಗ ಇಲ್ದೇ ಅಪ್‌ಡೇಟ್ ಇನ್‌ಸ್ಟಾಲೇ ಆಗಿರಲ್ಲ, ಬೇಡದ ಆ್ಯಪ್ ತೆಗೀರಿ. ನೆಟ್‌ನ ಬೇರೆ ಊರಿನ ಸರ್ವರ್ ಮೂಲಕ ಸುತ್ತಿಸೋ ವಿಪಿಎನ್ ಹಾಕಿದ್ರೆ ಅದನ್ನೂ ಆಫ್ ಮಾಡಿ. ಪರದೆ ಮೇಲೆ ಚಕ್ರ ಬರೀ ಸುತ್ತುತಾ ನಿಲ್ಲೋದಾದ್ರೆ ನೆಟ್ ಸ್ಪೀಡ್ ನೋಡ್ಬೇಕು, ಅದೂ ರೂಟರ್ ಪಕ್ಕ ನಿಂತಲ್ಲ, ಟೀವಿ ಪಕ್ಕ ನಿಂತು. ನೆಟ್‌ಫ್ಲಿಕ್ಸ್ ಹೇಳೋ ಲೆಕ್ಕ 1080ಪಿ ಅಂದ್ರೆ ಫುಲ್ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್ (ನೆಟ್ ಸ್ಪೀಡ್‌ನ ಅಳತೆ), ಅದಕ್ಕಿಂತ ಸ್ಪಷ್ಟವಾದ 4ಕೆಗೆ 15. ಪ್ಲಾನ್ 100 ಎಂಬಿಪಿಎಸ್ ಇದ್ರೂ ನಮ್ಮ ಹಳೇ ಮನೆಗಳ ದಪ್ಪ ಮಣ್ಣಿನ ಗೋಡೆ ಎರಡು ದಾಟೋ ಹೊತ್ತಿಗೆ ವೈಫೈಯಲ್ಲಿ ಏನೂ ಉಳಿದಿರಲ್ಲ, ರೂಟರ್‌ನಿಂದ ಟೀವಿಗೆ ಒಂದು ಲ್ಯಾನ್ ಕೇಬಲ್ ಎಳೆದ್ರೆ ಸಾಕು.

ಇನ್ನು ಶಬ್ದ ಬರತ್ತೆ ಚಿತ್ರ ಕಪ್ಪು ಅನ್ನೋದು. ಊರಲ್ಲಿ ಹುಡುಗ್ರು ಮ್ಯಾಚ್ ನೋಡೋಕೆ ಲ್ಯಾಪ್‌ಟಾಪ್‌ಗೆ ಹಳೇ ಪ್ರೊಜೆಕ್ಟರ್ ಹಚ್ತಾರಲ್ಲ, ಆಗ ಆಗೋದು ಇದೇ. ವೀಡಿಯೊ ಕಾಪಿ ಆಗದಿರಲಿ ಅಂತ ಎಚ್‌ಡಿಎಂಐ ತಂತಿಯ ಎರಡೂ ತುದಿಯ ಸಾಧನಗಳು ಎಚ್‌ಡಿಸಿಪಿ ಅನ್ನೋ ಬೀಗದ ಕೀಲಿ ತೋರಿಸ್ಬೇಕು, 4ಕೆ ಬೇಕಂದ್ರೆ ಸಾಮಾನ್ಯವಾಗಿ ಅದರ 2.2 ಆವೃತ್ತಿ ಕೇಳ್ತಾರೆ, ಹಳೇ ಪ್ರೊಜೆಕ್ಟರ್ ಅಥವಾ ಮಧ್ಯ ಹಾಕಿರೋ, ಒಂದು ತಂತಿನ ಎರಡು ಮಾಡೋ ಅಗ್ಗದ ಸ್ಪ್ಲಿಟರ್ ಹತ್ರ ಆ ಕೀಲಿ ಇರಲ್ಲ. ಏನೂ ಕೆಟ್ಟಿರಲ್ಲ. ಆಂಡ್ರಾಯ್ಡ್ ಫೋನಲ್ಲೂ ಇಂಥದ್ದೇ ವೈಡ್‌ವೈನ್ ಅನ್ನೋ ಬೀಗ ಇದೆ, ಅದು ಗಟ್ಟಿ ಮಟ್ಟದ ಎಲ್1 ಆಗಿರದೇ ಕೆಳಗಿನ ಮಟ್ಟದ ಎಲ್3 ಆಗಿದ್ರೆ ನೀವು ಎಷ್ಟೇ ದುಡ್ಡಿನ ಪ್ಲಾನ್ ಹಾಕಿದ್ರೂ ದೊಡ್ಡ ಆ್ಯಪ್‌ಗಳಲ್ಲಿ ಎಚ್‌ಡಿ ಬರಲ್ಲ. ನೆಟ್‌ಫ್ಲಿಕ್ಸ್‌ನಲ್ಲಿ ಆ್ಯಪ್ ಸೆಟ್ಟಿಂಗ್ಸ್ ಒಳಗೆ ಪ್ಲೇಬ್ಯಾಕ್ ಸ್ಪೆಸಿಫಿಕೇಶನ್ ಅಂತ ನೋಡಿದ್ರೆ ಇದು ಗೊತ್ತಾಗತ್ತೆ. ದುಡ್ಡು ತಗೊಳ್ಳೋ ಮುಂಚೆ ನಿಮ್ಮ ಫೋನಲ್ಲಿ ಎಚ್‌ಡಿ ಬರಲ್ಲ ಅಂತ ಎಲ್ಲ ಆ್ಯಪ್‌ನೋರೂ ಎದುರಿಗೇ ಹೇಳ್ಬೇಕು, ಇದು ನನ್ನ ಗಟ್ಟಿ ಅಭಿಪ್ರಾಯ.

ಇದೆಲ್ಲ ಆ್ಯಪ್‌ಗೆ ಗೊತ್ತಾಗದ ವಿಷಯ ಅಲ್ಲ ಸಾರ್. ತಾರೀಕು ತಪ್ಪೋ, ಕೀಲಿ ಸಿಗ್ಲಿಲ್ವೋ, ಸರ್ವರ್ ಉತ್ತರ ಕೊಡ್ಲಿಲ್ವೋ ಅನ್ನೋದು ಗೊತ್ತಾಗೋದ್ರಿಂದಾನೇ ಬೇರೆ ಬೇರೆ ಕೋಡ್ ಇಟ್ಟಿರೋದು. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್‌ನ ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡಿದ್ರು, ಅಷ್ಟು ಜನಕ್ಕೆ ವೀಡಿಯೊ ತಲುಪಿಸೋ ತಂತ್ರಜ್ಞಾನ ಈ ದೇಶದಲ್ಲಿದೆ. ಕನ್ನಡ ಸಿನಿಮಾ ತೋರಿಸಿ ದುಡ್ಡು ತಗೊಳ್ಳೋ ಪ್ರತಿ ಕಂಪನಿನೂ ಆ ಕೋಡ್ ಜೊತೆಗೆ ತೊಂದರೆ ಎಲ್ಲಿದೆ, ಈಗ ಏನು ಮಾಡ್ಬೇಕು ಅಂತ ಕನ್ನಡದಲ್ಲಿ ಎರಡು ಸಾಲು ಹಾಕ್ಬೇಕು, ತಮ್ಮ ಸರ್ವರೇ ಬಿದ್ದಿದ್ರೆ ಬಿದ್ದಿದೆ ಅಂತ ಒಪ್ಕೋಬೇಕು.

ಓದುಗರಿಗೆ ಇನ್ನೊಂದು ಮಾತು. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ನೀವು ಕೊಟ್ಟ ದೂರು ಬಂದಿದೆ ಅಂತ ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ತಿಳಿಸ್ಬೇಕು, ಒಂದು ತಿಂಗಳೊಳಗೆ ಬಗೆಹರಿಸ್ಬೇಕು. ಆಗ್ಲಿಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮಾಡೋ ಮುಂಚೆ ಕೋಡ್ ಕಾಣೋ ಹಾಗೆ ಪರದೆಯ ಫೋಟೋ, ತೊಂದರೆ ಆದ ದಿನ ಮತ್ತು ಗಂಟೆ, ದುಡ್ಡು ಕಟ್ಟಿದ ರಸೀದಿ, ಫೋನ್ ಡೇಟಾದಲ್ಲಿ ಓಡ್ತೋ ಇಲ್ವೋ ಅನ್ನೋದು, ಇಷ್ಟು ಕೈಯಲ್ಲಿಟ್ಕೊಂಡಿರಿ, ಇಲ್ಲಾಂದ್ರೆ ಮತ್ತೆ ನೆಟ್ ಚೆಕ್ ಮಾಡಿ ಅನ್ನೋ ಉತ್ತರಾನೇ ಬರತ್ತೆ.

– ಟೀವಿ ರಿಪೇರಿಯವನು, ಸಾಗರ