ಜೊತೆಗೆ ಬಂದವರನ್ನಲ್ಲ, ವಿದ್ಯಾರ್ಥಿಯನ್ನೇ ಕೇಳಿ

ಮಾನ್ಯ ಸಂಪಾದಕರೇ,

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟು ಅಂಗವಿಕಲರಿಗೆ ಮೀಸಲು. ಸೀಟು ಸಿಕ್ಕ ಮೇಲೆ ತರಗತಿಯಲ್ಲಿ ಅವರನ್ನು ಹೇಗೆ ಮಾತನಾಡಿಸಬೇಕೆಂಬುದನ್ನು ವಿಜಯಪುರ, ಇಂಡಿ, ಸಿಂದಗಿ ಭಾಗದ ಉಪನ್ಯಾಸಕರಿಗೆ ಯಾರಾದರೂ ಹೇಳಿಕೊಡಬೇಕಿದೆ.

ಅಣ್ಣನ ಜೊತೆ ಬಂದ ಅಂಧ ವಿದ್ಯಾರ್ಥಿ ಎದುರಿಗೇ ನಿಂತಿರುತ್ತಾನೆ. ಮೇಷ್ಟ್ರು ಅಣ್ಣನ ಮುಖ ನೋಡಿ, ‘ಇವಗ ಯಾವ ಸಬ್ಜೆಕ್ಟ್ ಬೇಕಂತ?’ ಎನ್ನುತ್ತಾರೆ. ದುರುದ್ದೇಶ ಇರುವುದಿಲ್ಲ, ಆದರೆ ಪಿಯುಸಿ ಪಾಸಾಗಿ ಬಂದ ಹುಡುಗ ಅಲ್ಲಿ ಲೆಕ್ಕಕ್ಕೇ ಇಲ್ಲದಂತಾಗುತ್ತಾನೆ. ಅವನನ್ನೇ ಹೆಸರು ಹಿಡಿದು ಕೇಳಬೇಕು. ಮೊದಲು ನೀವು ಯಾರೆಂದು ಹೇಳಿ. ಹೋಗುವಾಗ ‘ನಾ ಹೊಂಟೆ’ ಎಂದೂ ಹೇಳಿ, ಇಲ್ಲದಿದ್ದರೆ ನೀವು ಹೋದದ್ದು ತಿಳಿಯದೆ ಅವನು ಮಾತನಾಡುತ್ತಲೇ ಇರುತ್ತಾನೆ. ಬೆತ್ತ ಹಿಡಿದು ಎಳೆಯಬೇಡಿ. ದಾರಿ ತೋರಿಸಲೇ ಎಂದು ಕೇಳಿ, ಬೇಕೆಂದರೆ ನಿಮ್ಮ ಮೊಳಕೈ ಕೊಡಿ.

ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಕಲಿಕಾ ನ್ಯೂನತೆಯಂಥವು ನೋಡಿದರೆ ಗೊತ್ತಾಗುವುದಿಲ್ಲ. ಹಾಗಾಗಿ ಸೆಮಿಸ್ಟರಿನ ಮೊದಲ ಕ್ಲಾಸಿನಲ್ಲಿ ಇಡೀ ತರಗತಿಗೇ ಹೇಳಿಬಿಡಿ: ‘ಓದಲು, ಕೇಳಲು, ಬರೆಯಲು ಯಾರಿಗಾದರೂ ಬೇರೆ ಅನುಕೂಲ ಬೇಕಿದ್ದರ ಸ್ಟಾಫ್ ರೂಮಿಗೆ ಬಂದು ಹೇಳ್ರಿ.’ ಬಂದವರಿಗೆ ‘ನಿನಗೇನಾಗೇದ?’ ಎನ್ನಬೇಡಿ, ‘ಪಾಠಕ್ಕ ಏನು ಅನುಕೂಲ ಮಾಡ್ಲಿ?’ ಎನ್ನಿ. ಪ್ರಮಾಣಪತ್ರ ನೋಡುವುದು ಕಚೇರಿಯ ಕೆಲಸ, ತರಗತಿಯಲ್ಲಿ ಆ ವಿಷಯ ಎತ್ತುವುದೇ ಬೇಡ. ವೀಲ್‌ಚೇರ್ ವಿದ್ಯಾರ್ಥಿಗಾಗಿ ಕ್ಲಾಸನ್ನು ನೆಲಮಹಡಿಗೆ ತಂದರೆ ಕೊಠಡಿ ಬದಲಾಗಿದೆ ಎಂದಷ್ಟೇ ನೋಟಿಸ್ ಹಾಕಿ. ‘ಇವನ ಸಲುವಾಗಿ ಎಲ್ಲರೂ ಕೆಳಗ ಬರ್ರಿ’ ಎಂದರೆ ವರ್ಷವಿಡೀ ಅವನು ಋಣಭಾರ ಹೊತ್ತಂತೆ ಕೂಡಬೇಕಾಗುತ್ತದೆ.

ಕಿವಿ ಕೇಳಿಸದವರ ವಿಷಯದಲ್ಲಿ ತಪ್ಪುಗಳು ಹೆಚ್ಚು. ತುಟಿ ನೋಡಿ ಎಲ್ಲವೂ ತಿಳಿಯುತ್ತದೆ ಎಂದುಕೊಳ್ಳುತ್ತಾರೆ. ‘ಪರ’, ‘ಬರ’, ‘ಮರ’ ಈ ಮೂರನ್ನೂ ಕನ್ನಡಿ ಮುಂದೆ ದನಿಯಿಲ್ಲದೆ ಹೇಳಿ ನೋಡಿ, ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ಹೊಸ ಪದ, ಇಸವಿ, ಹೆಸರುಗಳನ್ನು ಬೋರ್ಡಿನ ಮೇಲೆ ಬರೆಯಲೇಬೇಕು. ಬರೆಯುವಾಗ ಮಾತು ನಿಲ್ಲಿಸಿ, ತಿರುಗಿ ನಿಂತ ಮೇಲೆ ಹೇಳಿ. ಕಿಟಕಿಗೆ ಬೆನ್ನು ಮಾಡಿ ನಿಂತರೆ ಮುಖ ಕಪ್ಪಾಗಿ ಕಾಣುತ್ತದೆ. ಕೂಗಿ ಹೇಳಿದರೆ ಬಾಯಿಯ ಆಕಾರ ಕೆಡುತ್ತದೆಯೇ ಹೊರತು ಉಪಯೋಗವಿಲ್ಲ. ಶ್ರವಣ ಸಾಧನ ಫ್ಯಾನಿನ ಸದ್ದನ್ನೂ ದೊಡ್ಡದು ಮಾಡುತ್ತದೆ, ಆದ್ದರಿಂದ ಹತ್ತಿರ ನಿಂತು ಸಹಜ ದನಿಯಲ್ಲಿ ಮಾತನಾಡಿ. ಸನ್ನೆ ಭಾಷೆಯ ದುಭಾಷಿ ಇದ್ದರೂ ನಿಮ್ಮ ನೋಟ ವಿದ್ಯಾರ್ಥಿಯ ಕಡೆಗೇ ಇರಲಿ. ಉಗ್ಗುವವರು ಸೆಮಿನಾರ್ ಕೊಡುವಾಗ ಅವರ ಬಾಯಿಂದ ಮಾತು ಕಿತ್ತುಕೊಂಡು ಮುಗಿಸಬೇಡಿ, ಕಾಯಿರಿ.

ನೋಟ್ಸ್ ಕಳಿಸುವುದೂ ಒಂದು ಮಾತುಕತೆಯೇ. ಬೋರ್ಡಿನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಅಂಧ ವಿದ್ಯಾರ್ಥಿಯ ಮೊಬೈಲ್ ಅದರಲ್ಲಿರುವ ಬರಹವನ್ನು ಸರಿಯಾಗಿ ಓದಿ ಹೇಳಲಾರದು. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ, ಯುನಿಕೋಡ್ (ಎಲ್ಲ ಸಾಧನಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಿನದೂ ಅದೇ ಗತಿ: ಪರದೆ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಎನ್‌ವಿಡಿಎಯಂಥ ಪರದೆ ಓದಿ ಹೇಳುವ ತಂತ್ರಾಂಶ ಅವನ್ನೇ ಗೊಣಗುತ್ತದೆ. ಫೈಲನ್ನು ಯುನಿಕೋಡ್‌ಗೆ ಬದಲಿಸಿ ಕಳಿಸಿದರೆ ಸಾಕು. ಎನ್‌ವಿಡಿಎ ಉಚಿತ, ಕನ್ನಡವನ್ನೂ ಓದುತ್ತದೆ. ತರಗತಿಯಲ್ಲಿ ‘ಇದನ್ನ ಇಲ್ಲಿಗೆ ಕೂಡಿಸ್ರಿ’ ಎನ್ನುವ ಬದಲು ಏನನ್ನು ಯಾವುದಕ್ಕೆ ಎಂದು ಬಾಯಿಬಿಟ್ಟು ಹೇಳಿ.

ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಯಾರೂ ಮಾಡುವ ಉಪಕಾರವಲ್ಲ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ನಿಗದಿ ಮಾಡಿದ್ದು ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಇಂಟರ್ನಲ್ ಟೆಸ್ಟಿಗೂ ಇದೇ ಲೆಕ್ಕ ಹಿಡಿಯಿರಿ. ಕಾಲೇಜಿನಿಂದಲೇ ಸ್ಕ್ರೈಬ್ (ವಿದ್ಯಾರ್ಥಿ ಹೇಳಿದ ಉತ್ತರ ಬರೆಯುವವರು) ಕೊಡುವುದಾದರೆ ಪರೀಕ್ಷೆಗೆ ಎರಡು ದಿನ ಮುಂಚೆ ವಿದ್ಯಾರ್ಥಿಗೆ ಭೇಟಿ ಮಾಡಿಸಬೇಕೆಂದೂ ಅದರಲ್ಲಿತ್ತು. ಬೆಲ್ ಹೊಡೆಯುವ ಹೊತ್ತಿಗೆ ಯಾರನ್ನೋ ಹಿಡಿದು ತಂದು ಕೂಡಿಸಿದರೆ, ವಿಷಯದ ಪದಗಳನ್ನು ಒಂದೊಂದು ಅಕ್ಷರ ಬಿಡಿಸಿ ಹೇಳುವುದರಲ್ಲೇ ಆ ಸಮಯ ಕರಗುತ್ತದೆ.

ಸರ್ಕಾರಿ ಕಾಲೇಜುಗಳ ಪ್ರಾಂಶುಪಾಲರಲ್ಲಿ ಒಂದು ಕೋರಿಕೆ. ಅಂಗವಿಕಲ ವಿದ್ಯಾರ್ಥಿಗಳ ಕುಂದುಕೊರತೆ ಕೇಳಲು ಒಬ್ಬ ಅಧಿಕಾರಿ ಇರಲಿ. ಅವರ ಹೆಸರು, ಕೊಠಡಿ, ಫೋನ್ ನಂಬರನ್ನು ನೋಟಿಸ್ ಬೋರ್ಡಿಗೆ ಹಾಕಿಸಿ, ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಅದನ್ನೇ ಧ್ವನಿ ಸಂದೇಶದಲ್ಲಿ ಕಳಿಸಿ.

– ವಿಶೇಷ ಶಿಕ್ಷಣ ಶಿಕ್ಷಕರು, ವಿಜಯಪುರ