ಕಿಂಗ್ಡಾ ಕಾ ಕುಸಿದದ್ದಲ್ಲ, ಕೆಡವಿದ್ದು

ಮಾನ್ಯರೇ,

ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಉದ್ಯಾನದ ‘ಕಿಂಗ್ಡಾ ಕಾ’ ಎಂಬ ರೋಲರ್ ಕೋಸ್ಟರ್‌ನ ಗೋಪುರ ನೆಲಕ್ಕೊರಗುತ್ತಿರುವ ಚಿತ್ರವನ್ನು ಕಳೆದ ವಾರ ತಮ್ಮ ಪತ್ರಿಕೆಯಲ್ಲಿ ನೋಡಿದೆ. ‘ಕುಸಿದುಬಿದ್ದ ವಿಶ್ವದ ಅತಿ ಎತ್ತರದ, ಅತಿ ವೇಗದ ರೋಲರ್ ಕೋಸ್ಟರ್’ ಎಂಬ ಅಡಿಬರಹವನ್ನು ಓದಿದ ನಮ್ಮ ನೆರೆಯವರೊಬ್ಬರು, ಎಷ್ಟು ಜನ ಸತ್ತರಂತೆ ಎಂದು ಗಾಬರಿಯಿಂದ ಕೇಳಿದರು. ಯಾರೂ ಸಾಯಲಿಲ್ಲ. 2024ರ ನವೆಂಬರ್‌ನಲ್ಲಿಯೇ ಅದರ ನಿವೃತ್ತಿಯನ್ನು ಪ್ರಕಟಿಸಿ, 2025ರ ಫೆಬ್ರುವರಿ 28ರ ಬೆಳಿಗ್ಗೆ ಸ್ಫೋಟಕ ಇಟ್ಟು ಅದನ್ನು ಕೆಡವಲಾಯಿತು. ‘ಅತಿ ವೇಗದ’ ಎಂಬ ವಿಶೇಷಣವೂ ಸಲ್ಲದು. ಆ ಪಟ್ಟ 2010ರಲ್ಲೇ, ಗಂಟೆಗೆ 240 ಕಿ.ಮೀ. ವೇಗದ ಅಬುಧಾಬಿಯ ಫಾರ್ಮುಲಾ ರೊಸ್ಸಾಕ್ಕೆ ಹೋಗಿತ್ತು. ಎತ್ತರದ ಮಾತು ಮಾತ್ರ ಕೊನೆಯವರೆಗೂ ನಿಜ.

ಹೈಡ್ರಾಲಿಕ್ ಯಂತ್ರಗಳ ದುರಸ್ತಿಯಲ್ಲೇ ಆಯುಸ್ಸಿನ ಬಹುಭಾಗ ಕಳೆದ ನನ್ನಂಥವನಿಗೆ ‘ಕುಸಿದುಬಿದ್ದ’ ಎಂಬ ಪದ ಒಪ್ಪಿಗೆಯಾಗದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದು ದೋಷವನ್ನು ಉಕ್ಕಿನ ಗೋಪುರದ ಮೇಲೆ ಹೊರಿಸುತ್ತದೆ. ಸುಮಾರು ಹತ್ತೊಂಬತ್ತೂವರೆ ವರ್ಷಗಳ ಉದ್ದಕ್ಕೂ ಅಲ್ಲಿನವರನ್ನು ಹೆಚ್ಚು ಕಾಡಿದ್ದು ಗೋಪುರವಲ್ಲ, ಬಂಡಿಯನ್ನು ಅದರ ನೆತ್ತಿಗೆ ಎಸೆಯುತ್ತಿದ್ದ ಯಂತ್ರ.

ಸಾಮಾನ್ಯ ರೋಲರ್ ಕೋಸ್ಟರ್‌ನಲ್ಲಿ ಬಂಡಿಯನ್ನು ಸರಪಳಿ ನಿಧಾನವಾಗಿ ಮೇಲಕ್ಕೆಳೆದು ಬಿಡುತ್ತದೆ, ಮುಂದಿನ ಕೆಲಸ ಗುರುತ್ವದ್ದು. ಕಿಂಗ್ಡಾ ಕಾದಲ್ಲಿ ಹಾಗಿರಲಿಲ್ಲ. ಪಂಪುಗಳು ಎಣ್ಣೆಯನ್ನು ನೂಕಿ ಸಿಲಿಂಡರುಗಳೊಳಗಿನ ನೈಟ್ರೋಜನ್ ಅನಿಲವನ್ನು ಒತ್ತಿಹಿಡಿಯುತ್ತಿದ್ದವು. ಆ ಒತ್ತಡವನ್ನು ಒಮ್ಮೆಗೇ ಬಿಟ್ಟಾಗ ಎಣ್ಣೆ ಹಲವು ಮೋಟಾರುಗಳನ್ನು ತಿರುಗಿಸಿ, ಅವು ದೊಡ್ಡ ಉರುಳೆಯೊಂದಕ್ಕೆ ಉಕ್ಕಿನ ಹಗ್ಗವನ್ನು ಸುತ್ತಿ, ಹಗ್ಗ 18 ಜನರ ಬಂಡಿಯನ್ನು 3.5 ಸೆಕೆಂಡಿನಲ್ಲಿ ಗಂಟೆಗೆ 206 ಕಿ.ಮೀ. ವೇಗಕ್ಕೆ ಎಳೆಯುತ್ತಿತ್ತು. ಚಾಟರಬಿಲ್ಲಿನ ತತ್ವವೇ, ಆದರೆ ಗರಿಷ್ಠ ಶಕ್ತಿ 20,800 ಅಶ್ವಶಕ್ತಿ. ಅಷ್ಟನ್ನು ಕ್ಷಣಮಾತ್ರದಲ್ಲಿ ಹೊರಹಾಕಿ, ಮತ್ತೆ ತುಂಬಿಕೊಂಡು, ಮತ್ತೆ ಹೊರಹಾಕುವ ಕೆಲಸ ದಿನವಿಡೀ ನಡೆಯಬೇಕು. ಸೀಲು, ವಾಲ್ವು, ಹಗ್ಗ ಇವುಗಳ ಪಾಡೇನಾಗುತ್ತದೆ ಎಂಬುದು ಜೆಸಿಬಿ ರಿಪೇರಿ ಮಾಡುವ ಹುಡುಗನಿಗೂ ಗೊತ್ತು.

ಲೆಕ್ಕವನ್ನೂ ನೋಡಬಹುದು. ಘರ್ಷಣೆಯನ್ನೂ ಗಾಳಿಯನ್ನೂ ಮರೆತರೆ ಆ ವೇಗದ ವಸ್ತುವೊಂದು ಸುಮಾರು 167 ಮೀಟರ್ ಮೇಲೇರಬಲ್ಲದು. ಗೋಪುರದ ಎತ್ತರ 456 ಅಡಿ, ಅಂದರೆ 139 ಮೀಟರ್. ನಡುವಿನ 28 ಮೀಟರ್ ಅಂತರವಷ್ಟೇ ಗಾಳಿ, ಚಳಿ, ಚಕ್ರದ ಜಿಗುಟು ಎಲ್ಲದಕ್ಕೂ ಮೀಸಲು. ಅದು ಸಾಲದ ದಿನ ಬಂಡಿ ನೆತ್ತಿಯನ್ನು ದಾಟದೆ, ಬಂದ ದಾರಿಯಲ್ಲೇ ಹಿಂದಕ್ಕೆ ಜಾರುತ್ತಿತ್ತು. ಇದನ್ನು ಅಪಘಾತ ಎನ್ನಲಾಗದು; ಬಂಡಿ ಹೊರಟ ಮೇಲೆ ಹಳಿಯ ಉದ್ದಕ್ಕೂ ಏಳುವ ಕಾಂತೀಯ ಬ್ರೇಕುಗಳನ್ನು ಇದಕ್ಕೆಂದೇ ಇಟ್ಟಿದ್ದರು. ಈ ವ್ಯವಸ್ಥೆಯ ಬಗ್ಗೆ ನನಗೆ ಇಂದಿಗೂ ಗೌರವವಿದೆ.

ಇದನ್ನು ರೂಪಿಸಿದ ಇಂಟಾಮಿನ್ ಸಂಸ್ಥೆ ಎರಡು ವರ್ಷ ಮೊದಲು, 2003ರಲ್ಲಿ, ಓಹಾಯೋದ ಸೀಡರ್ ಪಾಯಿಂಟ್ ಉದ್ಯಾನದಲ್ಲಿ ‘ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್’ ನಿಲ್ಲಿಸಿತ್ತು. ಅದರ ಎತ್ತರ 420 ಅಡಿ. ಅದನ್ನು 36 ಅಡಿಗಳಿಂದ ಮೀರಿದ ಕಿಂಗ್ಡಾ ಕಾ 2005ರ ಮೇ 21ರಂದು ಜನರಿಗೆ ತೆರೆದುಕೊಂಡಿತು. ಮೂರು ವಾರ ತುಂಬುವ ಮುನ್ನವೇ ನಿಂತಿತು. ಹಗ್ಗ ಓಡುವ ತೊಟ್ಟಿಯೊಳಗಿನ ಬೋಲ್ಟೊಂದು ಸೋತು, ಒಳಪದರ ಸಡಿಲಗೊಂಡು, ಹಗ್ಗಕ್ಕೂ ಹೈಡ್ರಾಲಿಕ್ ಸೀಲುಗಳಿಗೂ ಪೆಟ್ಟುಬಿತ್ತು. ಮತ್ತೆ ಓಡಿದ್ದು ಆಗಸ್ಟ್ 4ರಂದು. ಒಂದು ಬೋಲ್ಟಿಗೆ ಹೆಚ್ಚುಕಡಿಮೆ ಎರಡು ತಿಂಗಳು! 2009ರಲ್ಲಿ ಸಿಡಿಲು ಬಡಿದು ಮತ್ತೆ ತಿಂಗಳುಗಟ್ಟಲೆ ಮುಚ್ಚಿತ್ತು.

ಓಹಾಯೋದ ಅಣ್ಣನ ಕಥೆ ಇದಕ್ಕಿಂತ ಕಹಿ. 2021ರ ಆಗಸ್ಟ್‌ನಲ್ಲಿ ಅದರ ಬಂಡಿಯಿಂದ ಕಳಚಿದ ಲೋಹದ ತುಂಡೊಂದು ಸಾಲಿನಲ್ಲಿ ನಿಂತಿದ್ದ ಮಹಿಳೆಗೆ ಬಡಿದು ಅವರು ತೀವ್ರವಾಗಿ ಗಾಯಗೊಂಡರು. ಡ್ರ್ಯಾಗ್‌ಸ್ಟರ್ ಆ ರೂಪದಲ್ಲಿ ಮತ್ತೆ ಓಡಲಿಲ್ಲ. ಗೋಪುರವನ್ನು ಉಳಿಸಿಕೊಂಡು, ಎಣ್ಣೆ ಮತ್ತು ಹಗ್ಗದ ಬದಲು ವಿದ್ಯುತ್ಕಾಂತೀಯ ಮೋಟಾರುಗಳನ್ನು ಹಾಕಿ, 2024ರ ಮೇ ತಿಂಗಳಲ್ಲಿ ‘ಟಾಪ್ ಥ್ರಿಲ್ 2’ ಎಂಬ ಹೆಸರಿನಲ್ಲಿ ತೆರೆದರು. ಬಂಡಿಗಳ ತೊಂದರೆಯಿಂದ ಅದು ಸುಮಾರು ಒಂದು ವಾರದಲ್ಲೇ ನಿಂತು, ಆ ವರ್ಷದ ಉಳಿದ ಋತುವೆಲ್ಲ ಹಾಗೆಯೇ ಉಳಿಯಿತು. ಅದೇ ಜುಲೈನಲ್ಲಿ ಎರಡು ಉದ್ಯಾನಗಳ ಒಡೆತನದ ಕಂಪನಿಗಳೂ ವಿಲೀನಗೊಂಡು ಎರಡೂ ಗೋಪುರಗಳು ಒಬ್ಬರ ಕೈಗೆ ಬಂದವು. ಒಂದನ್ನು ರಿಪೇರಿಗೆ ಉಳಿಸಿ ಇನ್ನೊಂದನ್ನು ಕೆಡವಿದ ನಿರ್ಧಾರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕೆಂಬುದು ನನ್ನ ಅಭಿಪ್ರಾಯ.

ಹೈಡ್ರಾಲಿಕ್ ಎಸೆತವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಫಾರ್ಮುಲಾ ರೊಸ್ಸಾ ಓಡುವುದೂ ಅದರಿಂದಲೇ, ಆದರೆ ಅದು 139 ಮೀಟರ್ ಗೋಪುರವನ್ನು ಏರಬೇಕಾಗಿಲ್ಲ. ಸ್ಪೇನಿನಲ್ಲಿ 2017ರಲ್ಲಿ ಇದೇ ಇಂಟಾಮಿನ್ ಇದೇ ಆಕಾರದ, 112 ಮೀಟರ್ ಎತ್ತರದ ‘ರೆಡ್ ಫೋರ್ಸ್’ ಕಟ್ಟಿದಾಗ ಎಣ್ಣೆಯನ್ನು ಬಿಟ್ಟು ವಿದ್ಯುತ್ಕಾಂತವನ್ನು ಆರಿಸಿಕೊಂಡಿತು.

ಅಡಿಬರಹದ ಎರಡೂ ತಪ್ಪುಗಳಿಗೆ ಅದೇ ಪುಟದಲ್ಲಿ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ. ನೆರೆಯವರಿಗೆ ನಾನು ವಿಷಯ ತಿಳಿಸಿದ್ದೇನೆ. ಅವರು ನನಗಿಂತ ತಮ್ಮ ಪತ್ರಿಕೆಯನ್ನೇ ಹೆಚ್ಚು ನಂಬುತ್ತಾರೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಮೆಕ್ಯಾನಿಕಲ್ ಎಂಜಿನಿಯರ್, ತುಮಕೂರು