ಸ್ಲೊವೇನಿಯಾದಲ್ಲಿ ಬಾಡಿಗೆ ಕಾರು ಓಡಿಸುವವರಿಗೆ

ಎಲ್ಲರೂ ಆರ್‌ಟಿಒದಿಂದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ, ನಮ್ಮ ಲೈಸೆನ್ಸೂ ಜೊತೆಗಿರಲಿ. ಅಲ್ಲಿ ಬಲಗಡೆ ಓಡಿಸಬೇಕು, ಹಗಲಲ್ಲೂ ಹೆಡ್‌ಲೈಟ್ ಹಾಕಿರಬೇಕು. ಮೋಟಾರ್‌ವೇ ಹತ್ತಲು ಇ-ವಿನ್ಯೆಟ್ (ಕಾರಿನ ನಂಬರಿಗೆ ಮೊದಲೇ ಕಟ್ಟುವ ರಸ್ತೆ ಶುಲ್ಕ) ಬೇಕು. ಟೋಲ್ ಗೇಟ್ ಕಾಣಲಿಲ್ಲ ಅಂತ ಸುಮ್ನೆ ನುಗ್ಗಿದರೆ ದಂಡ ಬೀಳುತ್ತದೆ, ವಿನ್ಯೆಟ್ ಇದೆಯಾ ಅಂತ ಕಾರು ಕೊಡುವವರನ್ನು ಮೊದಲೇ ಕೇಳಿ. ಬ್ಲೆಡ್ ಸರೋವರದಲ್ಲಿ ಜನ ಜಾಸ್ತಿ. ನನ್ನ ಕೇಳಿದರೆ ಬೋಹಿನ್ ಸರೋವರದ ಹತ್ತಿರ ಒಂದು ದಿನ ಹೆಚ್ಚು ಉಳಿಯಿರಿ.

ವ್ರ್ಶಿಚ್ ಘಾಟಿ 1,611 ಮೀಟರ್ ಎತ್ತರ, 50 ತಿರುವು. ಕ್ರಾನ್ಸ್ಕಾ ಗೋರಾ ಊರಿನ ಕಡೆಯಿಂದ ಹತ್ತುವಾಗ ತಿರುವುಗಳಿಗೆ ಕಲ್ಲು ಹಾಸಿದ್ದಾರೆ, ಮಳೆ ಬಂದರೆ ಜಾರುತ್ತದೆ, ಆಗುಂಬೆ ಹತ್ತಿದವರಿಗೆ ಕೈ ಪಳಗಿರುತ್ತದೆ ಬಿಡಿ, ಆದರೆ ಹಿಮ ಬಿದ್ದರೆ ದಾರಿಯನ್ನೇ ಮುಚ್ಚಿಬಿಡುತ್ತಾರೆ. ಆಚೆ ಇಳಿದರೆ ಸೋಚಾ ನದಿ, ಪಚ್ಚೆ ಬಣ್ಣದ ನೀರು!

ಗೇರ್ ಬೇಡ ಅನ್ನುವವರು ಬುಕ್ ಮಾಡುವಾಗಲೇ ಆಟೋಮ್ಯಾಟಿಕ್ ಅಂತ ಹೇಳಿ. ಯಾರ್ಯಾರು ಓಡಿಸುತ್ತೀರಿ ಅಂತ ಭಾನುವಾರದೊಳಗೆ ಇಲ್ಲಿ ಹಾಕಿ.